ಕಟ್ಟಿ ಸಾಹೇಬರನ್ನು ಕೇಳಿ

ಕಳೆದ ಶ್ರಾವಣದಲ್ಲಿ ಮಗನ ಜೊತೆ ತ್ರ್ಯಂಬಕೇಶ್ವರಕ್ಕೆ ಹೋಗಿ ಬಂದೆ. ನಮ್ಮ ಯಜಮಾನರು ತೀರಿಕೊಂಡ ಮರುವರ್ಷ ಅದು. ಅವರ ಹೆಸರಿನಲ್ಲಿ ಅಲ್ಲೊಂದು ಶಾಂತಿ ಮಾಡಿಸಿದರೆ ಒಳ್ಳೆಯದು ಎಂದು ಮಗನಿಗೆ ಆಫೀಸಿನಲ್ಲಿ ಯಾರೋ ಹೇಳಿದ್ದರಂತೆ. ಪುರೋಹಿತರು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತ ಅವನು ಕೂತಿದ್ದ. ನಾನು ಒದ್ದೆ ಕಲ್ಲಿನ ಮೇಲೆ ಅವನ ಹಿಂದೆ ಕೂತು, ಇದನ್ನು ನೋಡಿದ್ದರೆ ಇವರು ಏನೆನ್ನುತ್ತಿದ್ದರೋ ಎಂದುಕೊಂಡೆ. ವಾಪಸು ಬರುವಾಗ ಜೀಪಿನಲ್ಲಿ ಅದನ್ನೇ ಮಗನಿಗೆ ಹೇಳಿದೆ.

“ಬಾಬಾ ಏನಂತಿದ್ರು? ಏನೂ ಅಂತಿರ್ಲಿಲ್ಲ. ಬಾಬಾಂನೀ ಕಧೀ ಕುಣಾಲಾ ಉಲಟ ಪ್ರಶ್ನ ವಿಚಾರಲಾಯ್?” ಅಂದ.

ಅವನು ಹೇಳಿದ್ದು ಸುಳ್ಳಲ್ಲ. ಅವನ ಅಪ್ಪ ಯಾರಿಗೂ ಎದುರು ಪ್ರಶ್ನೆ ಹಾಕಿದ್ದನ್ನು ಅವನು ಕಂಡಿಲ್ಲ. ಅವನಿಗೆ ಗೊತ್ತಿರುವ ಅಪ್ಪ ಬ್ಯಾಂಕಿನಿಂದ ಬಂದು ಪೇಪರ್ ಓದಿ, ಓದಿದ್ದರ ಬಗ್ಗೆ ಒಂದು ಮಾತೂ ಆಡದೆ ಮಡಿಚಿಡುವ ಮನುಷ್ಯ. ನಾಸಿಕ್ ತಲುಪಿ ಊಟಕ್ಕೆ ಹೋಟೆಲಿಗೆ ಹೋದೆವು. ಹುಡುಗ ತಂದಿಟ್ಟ ಸ್ಟೀಲ್ ಲೋಟವನ್ನು ಬಾಯಿಗೆ ಎತ್ತಿದವಳಿಗೆ ಗಪ್ಪನೆ ಬ್ಲೀಚಿಂಗ್ ಪೌಡರಿನ ವಾಸನೆ ಬಡಿಯಿತು. ಲೋಟ ಕೆಳಗಿಟ್ಟೆ. ಮಗ ಬಾಟಲಿ ನೀರು ತರಿಸಿದ. ನೀರಿನದಲ್ಲ ನನ್ನ ತೊಂದರೆ ಎಂದು ಅವನಿಗೆ ಹೇಗೆ ಹೇಳುವುದು? ಅದೇ ಊರು, ಅದೇ ಮಳೆ, ಅದೇ ವಾಸನೆ. ಇವನು ಇನ್ನೂ ತೊಟ್ಟಿಲಲ್ಲಿದ್ದ ಆ ಒಂದು ವರ್ಷ ಎದೆಯ ಮೇಲೆ ಬಂದು ಕೂತಿತು.

ಎಂಬತ್ತರ ದಶಕದ ನಡುವಿನ ಮಾತು. ಬಾಗಲಕೋಟೆಯಿಂದ ಇವರಿಗೆ ನಾಸಿಕ್‌ಗೆ ವರ್ಗವಾಗಿತ್ತು. ಗೋದಾವರಿಯಿಂದ ಕೂಗಳತೆಯಲ್ಲಿ ಒಂದು ಹಳೆಯ ಮೂರಂತಸ್ತಿನ ಕಟ್ಟಡ. ಕೆಳಗೆ ನಾವು, ನಮ್ಮ ಮೇಲೆ ಸದಾನಂದ ಭಟ್ಟರು. ಅವರು ಬಾರ್ಕೂರು ಕಡೆಯವರು. ಬಸ್‌ಸ್ಟ್ಯಾಂಡ್ ಹತ್ತಿರ ಅವರದೊಂದು ಇಡ್ಲಿ-ಸಾಂಬಾರಿನ ಹೋಟೆಲು. ಬೆಳಗಾಗುವ ಮೊದಲೇ ಹೋದರೆ ಹೋಟೆಲು ಮುಚ್ಚಿಯೇ ಮನೆಗೆ. ಹೆಂಡತಿ ವನಜಕ್ಕ ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ಸುತ್ತ ಎಲ್ಲ ಮರಾಠಿ ಮಾತಿನ ನಡುವೆ ನಮ್ಮಿಬ್ಬರದು ಕನ್ನಡ. ಅದೂ ನನ್ನ ಧಾರವಾಡದ ಕನ್ನಡಕ್ಕೆ ಅವಳು ನಗುತ್ತಿದ್ದಳು, ಅವಳ ಕುಂದಾಪುರದ ಕನ್ನಡಕ್ಕೆ ನಾನು. ಅವಳ ಮಗಳು ಸುಧಾ ಆ ವರ್ಷ ಅಜ್ಜಿಮನೆಯಲ್ಲಿದ್ದಳು. ಕಟ್ಟಡದವರಿಗೆಲ್ಲ, ಅಲ್ಲಿ ಶಾಲೆ ಚೆನ್ನಾಗಿದೆ ಎಂದು ಹೇಳಿದ್ದರು. ನಿಜ ಸಂಗತಿ ನಮಗೆ ಮಾತ್ರ ಗೊತ್ತಿತ್ತು. ಯುಗಾದಿಯ ಹೊತ್ತಿಗೆ ವನಜಕ್ಕನಿಗೆ ಕ್ಷಯ ಎಂದು ಗೊತ್ತಾಗಿ, ಎದೆರೋಗದ ಡಾಕ್ಟರರು ತಿಂಗಳುಗಟ್ಟಲೆ ನುಂಗಬೇಕಾದ ಗುಳಿಗೆ ಬರೆದುಕೊಟ್ಟಿದ್ದರು. ಹೊರಗೆ ತಿಳಿದರೆ ಹೋಟೆಲಿಗೆ ಯಾರು ಬರುತ್ತಾರೆ? ಹಾಗಾಗಿ ಅವಳು ತವರಿಗೂ ಹೇಳಿರಲಿಲ್ಲ.

ನಮ್ಮವರ ಸ್ವಭಾವ ಹೇಳಬೇಕು. ಅವರ ಅಪ್ಪ ಶಾಲಾ ಮಾಸ್ತರರು. ಖಾದಿ, ಕಾವಿ, ಬಿಳಿ ಕೋಟು, ಈ ಮೂರರಲ್ಲಿ ಯಾವುದನ್ನು ಕಂಡರೂ ಎದ್ದು ನಿಂತು ಕೈ ಮುಗಿಯುತ್ತಿದ್ದವರು. ಅವರ ಮಗನಾದ ಇವರು ಮೂರನ್ನು ಕಂಡರೂ ಕಾಲಮೇಲೆ ಕಾಲು ಹಾಕಿ ಕೂತೇ ಇರುತ್ತಿದ್ದರು. “ಯಾಕ?” ಎನ್ನುವುದು ಅವರ ಬಾಯಿಗೆ ಮೊದಲು ಬರುವ ಮಾತು. ಮದುವೆಯಲ್ಲಿ ಪುರೋಹಿತರನ್ನೂ ಹಾಗೇ ಕೇಳಿ ನನ್ನ ಅಪ್ಪನ ಮುಖ ಕೆಂಪಾಗಿಸಿದ್ದರು. ನನಗೆ ಒಳಗೊಳಗೇ ಖುಷಿಯಾಗಿತ್ತು.

ಆ ಮಳೆಗಾಲ ಜೋರಾಗಿಯೇ ಹಿಡಿಯಿತು. ಹೊಳೆಯಲ್ಲಿ ನಿಂತ ಎರಡು ಮುಖದ ದುತೋಂಡ್ಯಾ ಮಾರುತಿ ವಿಗ್ರಹದ ಎದೆಯವರೆಗೆ ನೀರು ಬಂತೆಂದು ಜನ ಕೊಡೆ ಹಿಡಿದು ನೋಡಲು ಹೋಗುತ್ತಿದ್ದರು. ಬಟ್ಟೆ ಒಣಗುತ್ತಿರಲಿಲ್ಲ, ಗೋಡೆ ಬೆವರುತ್ತಿತ್ತು. ನಲ್ಲಿಯಲ್ಲಿ ಚಹಾದ ಬಣ್ಣದ ನೀರು ಬರತೊಡಗಿತು. ಆಮೇಲೆ ಒಂದೊಂದೇ ಮನೆಯಲ್ಲಿ ಕಣ್ಣು ಹಳದಿ. ಪಾಟೀಲರ ಸೊಸೆ, ಎದುರುಮನೆಯ ಇಬ್ಬರು ಹುಡುಗರು, ನಮ್ಮ ಹಾಲಿನವನು. ನಮ್ಮ ಬೀದಿಯ ಡಾಕ್ಟರ ತನ್ನ ವರಾಂಡದಲ್ಲಿ ಬಾಡಿಗೆ ಮಂಚ ಹಾಕಿಸಿ ಎಲ್ಲರಿಗೂ ಸಲೈನ್ ಏರಿಸತೊಡಗಿದ. ತ್ರ್ಯಂಬಕ ರಸ್ತೆಯ ಒಬ್ಬ ಮಹಾರಾಜ ಕಾಮಣಿ ಇಳಿಸುತ್ತಾನೆಂದು ಸುದ್ದಿ ಹಬ್ಬಿತು: ಅವನು ಮಂತ್ರ ಹೇಳಿ ರೋಗಿಯ ಕೈ ತೊಳೆದರೆ ತೊಳೆದ ನೀರು ಹಳದಿಯಾಗಿ ಇಳಿಯುತ್ತದಂತೆ. ನಮ್ಮ ಭಾಗದ ಶಾಸಕರಂತೂ ನೀರಿನಲ್ಲಿ ಏನೂ ದೋಷವಿಲ್ಲ, ಎಲ್ಲ ವಿರೋಧ ಪಕ್ಷದವರ ಗಾಳಿಸುದ್ದಿ ಎಂದುಬಿಟ್ಟರು.

ಇವರು ಮೊದಲು ಹೋದದ್ದು ಮಹಾರಾಜನ ಹತ್ತಿರ. ಮೈಯಲ್ಲಿ ಯಾವ ರೋಗವೂ ಇಲ್ಲದ ಮನುಷ್ಯ ಸಾಲಿನಲ್ಲಿ ನಿಂತು, ಕೈ ಚಾಚಿ, ಕೈ ತೊಳೆಸಿಕೊಂಡರು. ಇವರ ಕೈಯಿಂದಲೂ ಹಳದಿ ನೀರೇ ಇಳಿಯಿತು! “ಅರೆ, ನನಗೂ ಕಾಮಣಿ ಆಗಿತ್ತಂತ ನಂಗಽ ಗೊತ್ತಿರಲಿಲ್ಲ ನೋಡ್ರಿ ಮಹಾರಾಜ,” ಎಂದು ಅಲ್ಲೇ ನಕ್ಕು, ಸಾಲಿನಲ್ಲಿದ್ದವರಿಗೆ ಕೈ ತೋರಿಸಿ ಬಂದರು. ಸುಣ್ಣ ಮತ್ತು ಮಾವಿನ ತೊಗಟೆಯ ಪುಡಿ, ಅಷ್ಟೇ. ಮನೆಯಲ್ಲಿ ನನ್ನ ಕೈಮೇಲೆ ಅದನ್ನೇ ಮಾಡಿ ಕಟ್ಟಡದವರಿಗೆಲ್ಲ ತೋರಿಸಿದರು.

ಆಮೇಲೆ ಶಾಸಕರ ಸಭೆ. ನೀರಿನ ಟಾಕಿಯ ಪಕ್ಕದಲ್ಲಿ ಪೆಂಡಾಲು ಹಾಕಿ, ಹಾರ ಹಾಕಿಸಿಕೊಂಡು, ಎಲ್ಲರೆದುರು ಗಾಜಿನ ಲೋಟದಲ್ಲಿ ನೀರು ಕುಡಿದು ತೋರಿಸುವುದಿತ್ತು. ಅವರು ಲೋಟ ಎತ್ತಿದ್ದೇ ತಡ ಇವರು ಮುಂದಿನ ಸಾಲಿನಿಂದ ಎದ್ದರು. ಕೈಯಲ್ಲಿ ನಮ್ಮ ಮನೆಯ ಬಾಟಲಿ.

“ಸಾಹೇಬ್, ತೇ ನಕೋ. ಹೇ ಆಮಚ್ಯಾ ನಳಾಚಂ ಪಾಣಿ ಆಹೇ. ಹೇ ಪ್ಯಾ,” ಅಂದರು. ಅದು ಬೇಡ, ಇದು ನಮ್ಮ ನಲ್ಲಿಯ ನೀರು, ಇದನ್ನು ಕುಡಿಯಿರಿ.

ಬಾಟಲಿಯ ತಳದಲ್ಲಿ ಕೆಸರು ಕಾಣುತ್ತಿತ್ತು. ಶಾಸಕರು ಒಮ್ಮೆ ಬಾಟಲಿ ನೋಡಿದರು, ಒಮ್ಮೆ ಕೈಗಡಿಯಾರ ನೋಡಿದರು. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಮರುದಿನವೇ ಬೀದಿ ಅಗೆದರು; ಗಟಾರದ ಪೈಪು, ಕುಡಿಯುವ ನೀರಿನ ಪೈಪು ಒಂದರ ಮೇಲೊಂದು ಮಲಗಿದ್ದವು, ಎರಡೂ ತುಕ್ಕು ಹಿಡಿದು ತೂತಾಗಿದ್ದವು. ಊರಿಗೆಲ್ಲ ಬ್ಲೀಚಿಂಗ್ ಪೌಡರು ಬಂದದ್ದು ಅದಾದ ಮೇಲೆ. ಬೀದಿಯ ಡಾಕ್ಟರನನ್ನೂ ಇವರು ಬಿಡಲಿಲ್ಲ. ಕಾಮಣಿಗೆ ಸಲೈನ್ ಯಾಕೆ, ಏರಿಸಿದ್ದರಿಂದ ಏನಾಗುತ್ತದೆ ಎಂದು ಹತ್ತು ಜನರೆದುರು ಕೇಳಿದರು. ಡಾಕ್ಟರ, “ನೀವೇನು ಎಂಬಿಬಿಎಸ್ಸಾ?” ಅಂದ. ಅದು ಉತ್ತರವಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಕಾಯಿಸಿದ ನೀರು, ವಿಶ್ರಾಂತಿ, ಪಥ್ಯ, ಇಷ್ಟರಲ್ಲೇ ಪಾಟೀಲರ ಸೊಸೆ ಎದ್ದು ಓಡಾಡಿದಳು.

ಅಲ್ಲಿಂದ ಇವರ ದೆಸೆ ಬದಲಾಯಿತು. ಸಂಜೆ ಬ್ಯಾಂಕಿನಿಂದ ಬರುವಷ್ಟರಲ್ಲಿ ನಮ್ಮ ಬಾಗಿಲ ಕಟ್ಟೆಯ ಮೇಲೆ ನಾಲ್ಕು ಜನ ಕೂತಿರುತ್ತಿದ್ದರು. “ಕಟ್ಟಿ ಸಾಹೇಬಾಂನಾ ವಿಚಾರಾ”, ಕಟ್ಟಿ ಸಾಹೇಬರನ್ನು ಕೇಳಿ, ಎನ್ನುವುದು ಬೀದಿಯ ಮಾತಾಯಿತು. ಮಗುವಿಗೆ ಲಸಿಕೆ ಹಾಕಿಸಬೇಕೋ ಬೇಡವೋ, ಮಾವನ ಕಣ್ಣಿನ ಪೊರೆ ತೆಗೆಸಬೇಕೋ ಬೇಡವೋ, ಯಾವ ಪಕ್ಷಕ್ಕೆ ವೋಟು, ಯಾವ ಸ್ವಾಮಿ ಕಳ್ಳ, ಎಲ್ಲ ಇವರನ್ನೇ ಕೇಳುವರು. ಇವರು ಹೇಳುವರು. ಮೊದಮೊದಲು “ನಂಗೇನ್ ಗೊತ್ತರಿ, ಅವರನ್ನಽ ಕೇಳ್ರಿ, ಯಾಕಂತ ಕೇಳ್ರಿ” ಎನ್ನುತ್ತಿದ್ದವರು ಯಾವಾಗ ಉತ್ತರ ಹೇಳತೊಡಗಿದರೋ ನನಗೂ ತಿಳಿಯಲಿಲ್ಲ. ನಾನು ಒಳಗಿನಿಂದ ಚಹಾ ತಂದು ಕೊಡುತ್ತಿದ್ದೆ. ಗಂಡನ ಮಾತನ್ನು ಇಷ್ಟು ಜನ ಕಿವಿಯಿಟ್ಟು ಕೇಳುವಾಗ ಚಹಾ ಮಾಡಲು ಬೇಸರವೆನಿಸುತ್ತದೆಯೇ? ಸಕ್ಕರೆ ತುಸು ಜಾಸ್ತಿಯೇ ಹಾಕುತ್ತಿದ್ದೆ.

ಗಣೇಶನ ಹಬ್ಬ ಮುಗಿದಿತ್ತು. ಭಾನುವಾರ ಮಧ್ಯಾಹ್ನ ವನಜಕ್ಕ ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದಳು. ಮುರಿಯುತ್ತಲೇ ಎದ್ದು ಹೋಗಿ ಬಚ್ಚಲಲ್ಲಿ ವಾಂತಿ ಮಾಡಿಕೊಂಡು ಬಂದಳು. ಗುಳಿಗೆ ನುಂಗಿದ ಮೇಲೆ ದಿನವೂ ಹೀಗೇ ಆಗುತ್ತಿತ್ತು. ಇವರು ಹೊರಗಿನ ಕೋಣೆಯಲ್ಲಿ ತೊಟ್ಟಿಲು ತೂಗುತ್ತ ಕೂತಿದ್ದರು.

“ಕಟ್ಟಿಯವ್ರೆ, ಒಂದು ಕೇಳ್ಲಾ?” ಅಂದಳು ಅವಳು. “ಕೆಮ್ಮು ನಿಂತು ಎರಡು ತಿಂಗಳಾಯ್ತು. ಜ್ವರ ಇಲ್ಲ. ಊಟ ಸೇರ್ತದೆ ಅಂದ್ರೆ ಈ ಗುಳಿಗೆ ಬಿಡುದಿಲ್ಲ. ಡಾಕ್ಟ್ರನ್ನು ಕೇಳಿದ್ರೆ ತಲೆ ಎತ್ತಿ ನೋಡುದೂ ಇಲ್ಲ, ತಕೊಳ್ಳಿ ಅಂತಾರೆ. ಇನ್ನೂ ತಕೊಳ್ಬೇಕಾ ಮಾರಾಯ್ರೆ?”

“ಯಾಕ ತಗೋಬೇಕಂತ ಹೇಳಿಲ್ಲೇನು ಅವರು?”

“ಎಂತ ಹೇಳ್ತಾರೆ. ಕೋರ್ಸು ಅಂತಾರೆ.”

ಇವರು ನಕ್ಕರು. “ಕೋರ್ಸು! ಕಾಲೇಜೇನದು? ನೋಡ್ರಿ ವನಜಕ್ಕ, ಆ ಗುಳಿಗಿ ಲಿವರಿಗೆ ಭಾಳ ಕೆಟ್ಟದ್ದು, ನಾನೇ ಓದೀನಿ. ಊರಾಗೆಲ್ಲ ಕಾಮಣಿ ಎದ್ದದ. ರೋಗ ಹೋದ ಮ್ಯಾಲೂ ಔಷಧ ತಿನ್ನಸೋದು ಅವರ ಅಂಗಡಿ ನಡೀಲಿ ಅಂತ. ನಾನಾಗಿದ್ರ ಬಿಟ್ಟಬಿಡತಿದ್ದೆ.”

ಅಷ್ಟೇ ಮಾತು. ತೊಟ್ಟಿಲು ತೂಗುವ ಕೈ ನಿಲ್ಲಲಿಲ್ಲ. ಲಿವರಿಗೆ ಕೆಟ್ಟದ್ದು ಎನ್ನುವುದು ಸುಳ್ಳಾಗಿರಲಿಲ್ಲ, ಅವರು ಎಲ್ಲೋ ಓದಿದ್ದು ನಿಜ. ಓದಿದ್ದರ ಮುಂದಿನ ಪುಟ ಓದಿರಲಿಲ್ಲ. ವನಜಕ್ಕನ ಮುಖ ನಾನು ನೋಡುತ್ತಿದ್ದೆ. ಮಳೆ ನಿಂತು ಬಿಸಿಲು ಬಿದ್ದ ಹಾಗೆ ಹಗುರಾಯಿತು. ಅವತ್ತು ನಮ್ಮಲ್ಲೇ ಉಂಡಳು, ಎರಡು ಸಲ ಅನ್ನ ಹಾಕಿಸಿಕೊಂಡಳು.

ಗುಳಿಗೆ ಬಿಟ್ಟ ಮೇಲೆ ಅವಳು ಅರಳಿದಳು, ಅದನ್ನೂ ಹೇಳಬೇಕು. ದಸರೆಯ ಹೊತ್ತಿಗೆ ಕೆನ್ನೆ ತುಂಬಿತ್ತು. ಬಾಳೆಹಣ್ಣಿನ ಬನ್ಸ್ ಮಾಡಿ ಕೆಳಗೆ ತಂದುಕೊಡುವಳು, ನನ್ನ ಮಗನನ್ನು ಎತ್ತಿಕೊಂಡು ಹೊಳೆ ತೋರಿಸಲು ಹೋಗುವಳು. ದೀಪಾವಳಿಗೆ ಸುಧಾಳನ್ನು ಕರೆಸಿಕೊಂಡಳು. ಇವರು ಅವಳನ್ನು ತೋರಿಸಿ ನನಗೆ, “ನೋಡು, ಹೆಂಗಾದ್ಲು,” ಎನ್ನುತ್ತಿದ್ದರು. ಅಷ್ಟರಲ್ಲಿ ಇವರಿಗೆ ಔರಂಗಾಬಾದಿಗೆ ವರ್ಗದ ಆದೇಶ ಬಂತು. ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ. ನಮ್ಮ ಬಾಯಲ್ಲಿ ಆಗ ಔರಂಗಾಬಾದ್. ನಾವು ಹೊರಡುವ ದಿನ ಬೀದಿಯವರೆಲ್ಲ ಸೇರಿ ಇವರಿಗೆ ಶಾಲು ಹೊದಿಸಿದರು. ಯಾರೋ ಒಬ್ಬಾಕೆ ಕಾಲಿಗೂ ಬಿದ್ದಳು. ಇವರು ಬೇಡವೆನ್ನಲಿಲ್ಲ.

ಹೊಸ ಊರಿನ ಚಳಿಗಾಲ ಒಣ, ಹೊಳೆಯಿಲ್ಲ, ಗಾಳಿಯ ತುಂಬ ಧೂಳು. ರಥಸಪ್ತಮಿಯ ಆಸುಪಾಸಿನಲ್ಲಿ ಭಟ್ಟರು ಬ್ಯಾಂಕಿಗೆ ಟ್ರಂಕ್ ಕಾಲ್ ಮಾಡಿದರು. ವನಜಕ್ಕ ರಕ್ತ ಕಾರುತ್ತಿದ್ದಾಳೆ, ನಾಸಿಕದ ಡಾಕ್ಟರರು ಬೈದು ಕಳಿಸಿದ್ದಾರೆ. ಇವರು ಮನೆಗೆ ಬಂದು ಶರ್ಟು ಬಿಚ್ಚದೆ ಕುರ್ಚಿಯ ಮೇಲೆ ಕೂತರು. “ಇಲ್ಲೇ ಕರಕೊಂಡ ಬರ್ರಿ ಅಂದೀನಿ. ದೊಡ್ಡಾಸ್ಪತ್ರಿ ಅದ, ನಮ್ಮನಿ ಅದ,” ಅಂದರು. ನನ್ನ ಮುಖ ನೋಡಲಿಲ್ಲ.

ಬಸ್ಸಿನಿಂದ ಇಳಿದವಳನ್ನು ನಾನು ಗುರುತೇ ಹಿಡಿಯಲಿಲ್ಲ. ಸೀರೆಯೊಳಗೆ ಬರೀ ಮೂಳೆ. ಆದರೂ ನನ್ನ ಕಂಡು, “ಮಗು ಎಷ್ಟು ದೊಡ್ಡ ಆಗಿದ್ದಾನೆ! ನಾನು ಎತ್ತಿಕೊಳ್ಳುದಿಲ್ಲ ಆಯ್ತಾ,” ಎಂದು ದೂರವೇ ನಿಂತಳು. ಆಸ್ಪತ್ರೆಯಲ್ಲಿ ಡಾಕ್ಟರರು ಹಳೆಯ ಎಕ್ಸ್‌ರೇ, ಹೊಸ ಎಕ್ಸ್‌ರೇ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ಹೊರಗೆ ಜನ ಬಾಗಿಲ ತನಕ ಕಿಕ್ಕಿರಿದಿದ್ದರು.

“ಗೋಳ್ಯಾ ಬಂದ್ ಕರಾಯಲಾ ಕೋಣೀ ಸಾಂಗಿತ್ಲಂ?” ಗುಳಿಗೆ ನಿಲ್ಲಿಸಲು ಹೇಳಿದ್ದು ಯಾರು?

ನಾವು ಮೂವರೂ ಅಲ್ಲೇ ಇದ್ದೆವು, ಭಟ್ಟರು, ಇವರು, ನಾನು. ವನಜಕ್ಕ ತಲೆ ತಗ್ಗಿಸಿ ತನ್ನ ಹರಕು ಹಿಂದಿಯಲ್ಲಿ ಹೇಳಿದಳು: “ಮೈನೇ ಹೀ ಛೋಡಾ, ಸಾಬ್.” ನಾನೇ ಬಿಟ್ಟೆ.

ಡಾಕ್ಟರರು ಕೂಗಾಡಿದರು. ಅರ್ಧಕ್ಕೆ ಬಿಟ್ಟ ಗುಳಿಗೆಯಿಂದ ರೋಗ ಸಾಯುವುದಿಲ್ಲ, ಗಟ್ಟಿಯಾಗುತ್ತದೆ, ಹಳೆಯ ಔಷಧ ಈಗ ಸಾಲದು, ದಿನಾ ಇಂಜೆಕ್ಷನ್ ಬೇಕು, ಇನ್ನು ಒಂದು ದಿನ ತಪ್ಪಿದರೂ ನನ್ನ ಹತ್ತಿರ ಬರಬೇಡಿ. ‘ಕೋರ್ಸು’ ಎಂದರೆ ಏನೆಂದು ನಾವೆಲ್ಲ ಅವತ್ತು ತಿಳಿದುಕೊಂಡೆವು. ಇದನ್ನೇ ನಾಸಿಕದ ಡಾಕ್ಟರು ತಲೆ ಎತ್ತಿ ಎರಡು ಮಾತಿನಲ್ಲಿ ಹೇಳಿದ್ದರೆ ಆಗುತ್ತಿತ್ತಲ್ಲ ಎಂದು ನನ್ನ ಮನಸ್ಸು ಒಂದು ಕಡೆ ಹೇಳುತ್ತಿತ್ತು. ಆದರೆ ಹಾಗೆ ಹೇಳಿಕೊಂಡು ಹಗುರಾಗಲು ಇವರು ಸಿದ್ಧರಿರಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ನಿಂತು ಭಟ್ಟರು ಇವರ ಕೈ ಹಿಡಿದುಕೊಂಡರು. ಮೆತ್ತಗಿನ ಮನುಷ್ಯ, ಜೋರಾಗಿ ಮಾತಾಡಿದ್ದೇ ಕಾಣೆ. “ನಾನು ಹೋಟೆಲು ಹೋಟೆಲು ಅಂತ ಮನೆ ಕಡೆ ನೋಡ್ಲೇ ಇಲ್ಲ. ಅವಳಾದ್ರೂ ನಿಮ್ಮ ಹತ್ರ ಒಂದು ಮಾತು ಕೇಳ್ಬಹುದಿತ್ತಲ್ಲ ಕಟ್ಟಿಯವ್ರೆ. ನೀವು ಓದಿದವ್ರು. ಕೇಳಿದ್ರೆ ನೀವು ಬಿಡ್ಲಿಕ್ಕೆ ಬಿಡ್ತಿರ್ಲಿಲ್ಲ.”

ಇವರು ಇನ್ನೊಂದು ಕೈಯಲ್ಲಿದ್ದ ಎಕ್ಸ್‌ರೇ ಲಕೋಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಭಟ್ಟರು ಕೈಬಿಟ್ಟು ಚಹಾ ತರಲು ಹೋದರು.

ವನಜಕ್ಕ ನಮ್ಮ ಹಿಂದಿನ ಕೋಣೆಯಲ್ಲಿ ಉಳಿದಳು. ಸುಧಾ ಮತ್ತೆ ಅಜ್ಜಿಮನೆ ಸೇರಿದ್ದಳು. ಭಟ್ಟರು ಸೋಮವಾರಕ್ಕೊಮ್ಮೆ ಹೋಟೆಲು ಮುಚ್ಚಿ ಬಂದು ಹೋಗುವರು. ಅವಳಿಗೆ ಬೇರೆ ತಟ್ಟೆ, ಬೇರೆ ಲೋಟ. ಮಗ ಆ ಕಡೆ ಅಂಬೆಗಾಲಿಡದಂತೆ ಬಾಗಿಲಿಗೆ ಅಡ್ಡ ಹಲಗೆ. ದಿನಾ ಬೆಳಿಗ್ಗೆ ಇವರು ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಇಂಜೆಕ್ಷನ್ನಿಗೆ ಒಯ್ಯುವರು. ಅವಳನ್ನು ಮನೆಗೆ ಬಿಟ್ಟು ಆಮೇಲೆ ಬ್ಯಾಂಕು. ಗುಳಿಗೆಯನ್ನು ತಾವೇ ಕೈಗೆ ಕೊಟ್ಟು, ನುಂಗುವ ತನಕ ಎದುರು ನಿಲ್ಲುವರು. ಗಂಗಾಪುರದ ಕಡೆಯಿಂದ ಬರುವ ಸಹೋದ್ಯೋಗಿಯೊಬ್ಬರಿಗೆ ಹೇಳಿ ಹಳ್ಳಿಯ ಮೊಟ್ಟೆ ತರಿಸಿದರು. ಮಡಿಯವಳಾದ ನಾನೇ ಅವನ್ನು ಬೇಯಿಸಿ ಕೊಟ್ಟೆ, ಕಣ್ಣು ಮುಚ್ಚಿ ಅವಳು ನುಂಗಿದಳು. ಬಿಸಿಲು ಏರಿತು. ಟ್ಯಾಂಕರಿನ ನೀರಿಗೆ ಕೊಡ ಹಿಡಿದು ನಿಲ್ಲುವ ದಿನಗಳು. ಕೆಮ್ಮು ಕಡಿಮೆಯಾಯಿತು, ಜ್ವರ ಇಳಿಯಿತು.

ಬದಲಾದದ್ದು ಇವರು. ಹೊಸ ಕಾಲನಿಯಲ್ಲೂ ಜನ ಏನಾದರೂ ಕೇಳಿದರೆ, “ಗೊತ್ತಿದ್ದವರನ್ನ ಕೇಳ್ರಿ,” ಎಂದು ಒಳಗೆ ಬರುವರು. ಚುನಾವಣೆಯ ಜೀಪು ಬಂದು ಕೈಮುಗಿದರೆ ಇವರೂ ಮುಗಿಯುವರು. ನಮ್ಮ ಮಾವನವರು ಒಮ್ಮೆ ಬಂದಾಗ ಮೊಮ್ಮಗನಿಗೆ ಯಂತ್ರ ಕಟ್ಟಿಸಿದರು. ಇವರು ದಾರ ಹಿಡಿದುಕೊಂಡು ನಿಂತರು. ನಾನೇ ಒಂದು ದಿನ ತಡೆಯಲಾರದೆ, “ನೀವು ಭಟ್ಟರಿಗೆ ಹೇಳಿಬಿಡ್ರಿ, ಎದಿ ಹಗುರಾಗ್ತದ,” ಎಂದೆ.

“ಹಗುರಾಗೋದು ಯಾರದು? ನಂದಲ್ಲೇನು? ಅವರದು ಭಾರ ಆಗ್ತದ,” ಅಂದರು. ಅದು ನಿಜವೋ, ಧೈರ್ಯ ಸಾಲದ್ದಕ್ಕೆ ಹೇಳಿದ ಮಾತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಾವಿನ ಕಾಲ. ಸೀಕರಣೆಗೆ ಹಣ್ಣು ಹಿಂಡುತ್ತಿದ್ದೆ. ಇಂಜೆಕ್ಷನ್ ಮುಗಿಸಿ ಬಂದ ವನಜಕ್ಕ ಗೋಡೆ ಹಿಡಿದು ಹಿಡಿದು ನಡೆದು ಬಂದು ತನ್ನ ಕೋಣೆಯ ಬಾಗಿಲಲ್ಲಿ ಕೂತಳು.

“ಕಟ್ಟಿಯವ್ರೆ, ನಾಲ್ಕು ದಿನದಿಂದ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಆಗ್ತದೆ. ನಿಂತ್ರೆ ತಲೆ ತಿರುಗ್ತದೆ. ಈ ಸೂಜಿದೇ ಇರ್ಬಹುದಾ? ಡಾಕ್ಟ್ರಿಗೆ ಹೇಳುವನಾ? ನೀವು ಎಂತ ಹೇಳ್ತೀರಿ?”

ಇವರು ಬೂಟಿನ ಲಾಡಿ ಕಟ್ಟಿಕೊಳ್ಳುತ್ತಿದ್ದರು. ಕೈ ನಿಂತಿತು. ಒಂದು ಕ್ಷಣ ಅವರ ಕಣ್ಣಿನಲ್ಲಿ ನಾಸಿಕದ ಆ ಮನುಷ್ಯ ಬಂದು ಹೋದದ್ದನ್ನು ನಾನು ನೋಡಿದೆ. ಯಾಕ ಎಂದು ಕೇಳುವ ಮನುಷ್ಯ. ಆಮೇಲೆ ಅವರು ಅವಸರವಾಗಿ, ಹೆದರಿದವರ ಹಾಗೆ ಮಾತಾಡಿದರು.

“ಬ್ಯಾಡ್ರಿ ವನಜಕ್ಕ. ಏನೂ ಕೇಳಬ್ಯಾಡ್ರಿ. ಅಶಕ್ತಿ ಇರ್ತದ. ಡಾಕ್ಟರ್ ಸಿಟ್ಟಿಗೆದ್ದು ಔಷಧ ನಿಲ್ಲಿಸಿದ್ರ ಏನ್ ಮಾಡೋಣು? ಅವರು ಹೇಳಿದ್ದು ಹೇಳಿದಂಗ ಮಾಡೋದು ಅಷ್ಟ. ಈ ಸಲ ಒಂದು ದಿನಾನೂ ತಪ್ಪಸೂದು ಬ್ಯಾಡ.”

ನನಗೂ ಬಾಯಿಗೆ ಬಂದಿತ್ತು, ಹೇಳಿ ನೋಡಿದರೆ ತಪ್ಪೇನು ಎಂದು. ಆದರೆ ಆ ಮನೆಯಲ್ಲಿ ಆಗ ಸಂಶಯದ ಮಾತೆಂದರೆ ಬೆಂಕಿಕಡ್ಡಿ ಗೀರಿದ ಹಾಗೆ. ಹಿಂಡಲು ಮತ್ತೊಂದು ಹಣ್ಣು ಕೈಗೆತ್ತಿಕೊಂಡೆ. ವನಜಕ್ಕ, “ಹಾಂಗಾದ್ರೆ ಆಯ್ತು,” ಎಂದು ಎದ್ದು ಹೋದಳು. ಮರುದಿನ ಸ್ಕೂಟರ್ ಹೊರಟಿತು, ಅದರ ಮರುದಿನವೂ.

ಕುಕ್ಕರಿನ ಸೀಟಿ ಅವಳಿಗೆ ಕೇಳಿಸುತ್ತಿಲ್ಲ ಎಂದು ನನಗೆ ತಿಳಿದದ್ದು ಬೇಳೆ ಹೊತ್ತಿದ ದಿನ. ಒಲೆಯ ಪಕ್ಕದಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು, ಸೀಟಿಯ ಮೇಲೆ ಸೀಟಿ ಕೂಗಿದರೂ ತಲೆ ಎತ್ತಿರಲಿಲ್ಲ. ನಾನು ಹಿತ್ತಿಲಿನಿಂದ ಓಡಿ ಬಂದು ಕೂಗಿದೆ. ನನ್ನ ತುಟಿಯನ್ನೇ ನೋಡಿದಳು. ಆಮೇಲೆ ಎರಡೂ ಕೈಯಿಂದ ಕಿವಿ ಉಜ್ಜಿಕೊಂಡಳು, ನೀರು ಹೊಕ್ಕವರ ಹಾಗೆ.

ಇವರು ಅವಳನ್ನು ಕರೆದುಕೊಂಡು ಡಾಕ್ಟರರ ಹತ್ತಿರ ಓಡಿದರು. ನಾನೂ ಮಗನನ್ನು ಎತ್ತಿಕೊಂಡು ಹಿಂದೆ ರಿಕ್ಷಾದಲ್ಲಿ ಹೋದೆ. ಡಾಕ್ಟರರು ಈ ಸಲ ಕೂಗಾಡಲಿಲ್ಲ. ಒಂದು ಚಮಚೆ ಹಿಡಿದು ಮೇಜಿಗೆ ಬಡಿದರು, ಅವಳ ಹಿಂದೆ ಹೋಗಿ ಚಪ್ಪಾಳೆ ತಟ್ಟಿದರು. ಆಮೇಲೆ ಇವರನ್ನು ಕೇಳಿದರು: “ಕಿವಿಯಲ್ಲಿ ಸದ್ದು ಬರತೊಡಗಿ ಎಷ್ಟು ದಿನವಾಯಿತು?”

“ಆಯ್ತು... ಭಾಳ ದಿನ ಆಯ್ತು.”

“ಮಗ ಆಧೀ ಕಾ ನಾಹೀ ಸಾಂಗಿತ್ಲಂ?” ಮೊದಲೇ ಯಾಕೆ ಹೇಳಲಿಲ್ಲ? ಆ ಸೂಜಿ ಕೆಲವರ ಕಿವಿ ತಿನ್ನುತ್ತದೆ, ಸದ್ದು ಬಂದ ದಿನವೇ ಹೇಳಿದ್ದರೆ ಬೇರೆ ಔಷಧಕ್ಕೆ ಬದಲಾಯಿಸುತ್ತಿದ್ದೆ, ಈಗ ಹೋದದ್ದು ಬರುವುದಿಲ್ಲ ಎಂದರು. ಇದನ್ನು ನೀವಾದರೂ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಬೇಕಾದ ಜಾಗ ಅದು. ಹಿಂದಿನ ವರ್ಷವಾಗಿದ್ದರೆ ಇವರು ಮೇಜು ಗುದ್ದಿ ಕೇಳುತ್ತಿದ್ದರು. ಕೇಳಲಿಲ್ಲ. ಬಾಗಿಲಲ್ಲಿ ಜನ ನೂಕಾಡುತ್ತಿದ್ದರು, ಡಾಕ್ಟರರ ಕಣ್ಣಿನ ಕೆಳಗೂ ಕಪ್ಪಿತ್ತು. ಇವರು ಮೇಜಿನ ಅಂಚು ಹಿಡಿದು ನಿಂತೇ ಇದ್ದರು. ವನಜಕ್ಕ ಒಬ್ಬೊಬ್ಬರ ಮುಖ ನೋಡುತ್ತ, “ಎಂತ ಹೇಳಿದ್ರು? ಎಂತ ಹೇಳಿದ್ರು?” ಎಂದು ನನ್ನ ಸೆರಗು ಜಗ್ಗುತ್ತಿದ್ದಳು. ತನ್ನ ಸ್ವರ ತನಗೆ ಕೇಳಿಸದೆ ಜೋರಾಗಿ ಕೂಗಿ ಕೇಳುತ್ತಿದ್ದಳು.

ಇಂಜೆಕ್ಷನ್ ನಿಂತಿತು, ಬೇರೆ ಗುಳಿಗೆ ಬಂದವು. ರೋಗ ಹೋಯಿತು. ಅದು ಮಾತ್ರ ನಿಜವಾಗಿ ಹೋಯಿತು. ಎಕ್ಸ್‌ರೇಯಲ್ಲಿ ಎದೆ ಸ್ವಚ್ಛವಾಗುತ್ತ ಬಂತು, ಮೈ ಹಿಡಿಯಿತು. ಇನ್ನು ಗುಳಿಗೆಯನ್ನು ನಾಸಿಕದಲ್ಲೇ ಮುಂದುವರಿಸಬಹುದು ಎಂದರು. ಆ ಕೊನೆಯ ವಾರಗಳಲ್ಲಿ ಅವಳು ಅತ್ತದ್ದು ಒಂದೇ ಸಲ, ಸುಧಾಳ ಫೋಟೋ ನೋಡುವಾಗ. “ಅವಳ ಸ್ವರ ಈಗ ನೆನಪುಂಟು. ಮುಂದೆ ಮರ್ತು ಹೋದ್ರೆ ಎಂತ ಮಾಡುದು?” ಅಂದಳು. ನಾನು ಉತ್ತರ ಹೇಳಿದರೂ ಅವಳಿಗೆ ಕೇಳುತ್ತಿರಲಿಲ್ಲ. ಫೋಟೋವನ್ನು ಸೆರಗಿನಿಂದ ಒರೆಸಿ ಅವಳ ಕೈಗೇ ಇಟ್ಟೆ.

ಮೃಗಶಿರಾದ ಮೊದಲ ಮಳೆ ಬಿದ್ದ ವಾರ ಭಟ್ಟರು ಕರೆದೊಯ್ಯಲು ಬಂದರು. ಬಸ್‌ಸ್ಟ್ಯಾಂಡಿಗೆ ನಾವೆಲ್ಲ ಹೋದೆವು. ನೆಲ ಕೆಸರಾಗಿತ್ತು, ನಾಸಿಕದ ಬಸ್ಸು ಎಂಜಿನ್ ಚಾಲೂ ಮಾಡಿ ನಿಂತಿತ್ತು. ಭಟ್ಟರು ಟ್ರಂಕನ್ನು ಮೇಲೆ ಹತ್ತಿಸಲು ಹಮಾಲನಿಗೆ ಕೈಕೊಡುತ್ತಿದ್ದರು. ಅವರ ಬೆನ್ನು ನಮ್ಮ ಕಡೆ ಇತ್ತು, ನಾಲ್ಕು ಮಾರು ದೂರ. ವನಜಕ್ಕ ಈ ಊರಿಗೆ ಬಂದ ಮೇಲೆ ನನ್ನ ಮಗನ ಕೆನ್ನೆಯನ್ನು ಮೊದಲ ಸಲ ಮುಟ್ಟಿ, “ಇನ್ನು ಎತ್ತಿಕೊಳ್ಬಹುದು ಅಲ್ದಾ?” ಎಂದು ಎತ್ತಿಕೊಂಡಳು.

ಇವರು ಒಮ್ಮೆಲೆ ಅವಳೆದುರು ಹೋಗಿ ನಿಂತರು.

“ವನಜಕ್ಕ, ನಾ ಹೇಳಿದ್ದು ತಪ್ಪಾತು. ಗುಳಿಗಿ ಬಿಡ್ರಿ ಅಂದದ್ದೂ ನಾನೇ. ಕಿವೀದು ಕೇಳಬ್ಯಾಡ್ರಿ ಅಂದದ್ದೂ ನಾನೇ. ಎರಡೂ ಸಲ ನಂಗ ಏನೂ ಗೊತ್ತಿದ್ದಿಲ್ಲ. ಗೊತ್ತಿಲ್ಲ ಅಂತ ಹೇಳಲಿಲ್ಲ ನಾನು. ಇನ್ನ ಮ್ಯಾಲ ನನ್ನಂಥಾವ್ರ ಮಾತು ಕೇಳಬ್ಯಾಡ್ರಿ. ನಿಮ್ಮ ಮೈ ಏನ್ ಹೇಳ್ತದ ಅದನ್ನ ನೀವೇ ಡಾಕ್ಟರಿಗೆ ಹೇಳ್ರಿ, ನೀವೇ ಕೇಳ್ರಿ.”

ಎಂಜಿನ್ನಿನ ಸದ್ದಿಗೆ ಎದುರಾಗಿ ಅವರು ಕೂಗಿ ಹೇಳಿದರು. ಅವಳಿಗೆ ಕೇಳುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ಅವರಿಗೆ ಮರೆತೇ ಹೋಗಿತ್ತೋ, ಕೇಳುವುದಿಲ್ಲ ಎಂಬ ಧೈರ್ಯದಿಂದಲೇ ಹೇಳಿದರೋ. ವನಜಕ್ಕ ಅವರ ತುಟಿಗಳನ್ನೇ ಗಮನವಿಟ್ಟು ನೋಡಿದಳು. ಬೀಳ್ಕೊಡುವಾಗ ಎಲ್ಲರೂ ಹೇಳುವ ಮಾತು, ಮೈ ನೋಡಿಕೊಳ್ಳಿ, ಔಷಧ ತಪ್ಪಿಸಬೇಡಿ, ಅಂಥದ್ದೇ ಏನೋ ಎಂದುಕೊಂಡಿರಬೇಕು. ಮಗನನ್ನು ನನ್ನ ಕೈಗೆ ಕೊಟ್ಟು, ಇವರ ಕಡೆ ತಿರುಗಿ ಬಾಯಿತುಂಬ ನಕ್ಕಳು.

“ಆಯ್ತು ಕಟ್ಟಿಯವ್ರೆ,” ಅಂದಳು ಗಟ್ಟಿಯಾಗಿ. “ನೀವು ಹೇಳಿದ ಹಾಗೇ ಮಾಡ್ತೇನೆ.”

ಟ್ರಂಕು ಅರ್ಧಕ್ಕೆ ನಿಂತಿತ್ತು. ಭಟ್ಟರು ಎರಡೂ ಕೈ ಮೇಲೆತ್ತಿದವರು ಹಾಗೇ ಈ ಕಡೆ ತಿರುಗಿದ್ದರು. ಹಮಾಲ, “ಸೋಡಾ, ಸೋಡಾ,” ಎಂದು ಬಿಡಲು ಹೇಳುತ್ತಿದ್ದ. ಅವರು ಬಿಟ್ಟರು. ಹತ್ತಿರ ಬಂದು ಹೆಂಡತಿಯ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದರು, ಕಿಟಕಿಯ ಪಕ್ಕ ಕೂರಿಸಿದರು, ತಾವೂ ಕೂತರು. ಬ್ಯಾಂಕಿನ ಬ್ಯಾಗು ಎದೆಗೊತ್ತಿ ನಿಂತ ನಮ್ಮವರನ್ನು ಅವರು ಕಿಟಕಿಯಿಂದ ನೋಡಿದರು; ಸಿಟ್ಟಿನಿಂದಲ್ಲ, ಇವರನ್ನು ಅಂದೇ ಮೊದಲು ನೋಡುತ್ತಿರುವವರ ಹಾಗೆ. ಬಸ್ಸು ಗೇಟು ದಾಟಿ ತಿರುಗುವವರೆಗೂ ನೋಡುತ್ತಲೇ ಇದ್ದರು. ಪಕ್ಕದಲ್ಲಿ ವನಜಕ್ಕ ಕೈ ಬೀಸುತ್ತಿದ್ದಳು.